ಬೀಡು ಮತ್ತು ಮನೆ: ಹಾನಗಲ್ಲು ಸೀಮೆಯ ವೀರಗಲ್ಲುಗಳಲ್ಲಿ ಯೋಧನ ಬದುಕು

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ಸೀಮೆಗಳು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರ, ಪಾನುಂಗಲ್ಲು ಐನೂರು ಮೊದಲಾದ ನಾಡುಗಳಲ್ಲಿ ಹಂಚಿಹೋಗಿದ್ದವು. ವರದಾ, ಧರ್ಮಾ, ಕುಮುದ್ವತಿ ನದಿಗಳ ಈ ಫಲವತ್ತಾದ ನೆಲ ದೀರ್ಘಕಾಲ ರಣಭೂಮಿಯೂ ಆಗಿದ್ದಿತು. ಇಲ್ಲಿ ನಡೆದ ಕಾಳಗಗಳಲ್ಲಿ ಬಹುಪಾಲು ಪರಕೀಯರೊಡನೆ ನಡೆದವಲ್ಲ. ಒಂದೇ ಸಾಮ್ರಾಜ್ಯದ ಸಾಮಂತರು, ಕೆಲವೊಮ್ಮೆ ಒಂದೇ ಮನೆತನದ ಸೋದರರು, ತಮ್ಮತಮ್ಮೊಳಗೆ ನಡೆಸಿದವು. ಉಭಯ ಪಕ್ಷಗಳ ಶಾಸನಗಳ ಭಾಷೆಯೂ ಕನ್ನಡವೇ ಆಗಿತ್ತು. ಆದ್ದರಿಂದ ಇವುಗಳನ್ನು ನಾಡಿನ ಅಂತರ್ಯುದ್ಧಗಳೆಂದು ಪರಿಗಣಿಸುವುದು ಯುಕ್ತ.

ಇಂದಿನ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಇದಕ್ಕೆ ಉತ್ತಮ ನಿದರ್ಶನ. 1055ರ ಅಲ್ಲಿಯ ಶಾಸನದ ಪ್ರಕಾರ, ಒಂದನೆಯ ಸೋಮೇಶ್ವರನ ಮಗ ವಿಕ್ರಮಾದಿತ್ಯನು ಆಗ ಗಂಗವಾಡಿ ಮತ್ತು ಬನವಾಸಿ ನಾಡುಗಳನ್ನು ಆಳುತ್ತಿದ್ದನು. ಅದೇ ವಿಕ್ರಮಾದಿತ್ಯನು 1076ರಲ್ಲಿ ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಸೋಲಿಸಿ ಸಿಂಹಾಸನವೇರಿದನು. ಮುಂದೆ ಹೊಯ್ಸಳ ವಿಷ್ಣುವರ್ಧನನು ಚಾಲುಕ್ಯರ ಸಾಮಂತನಾಗಿದ್ದೂ ಅವರ ನೆಲವನ್ನು ಆಕ್ರಮಿಸಿ, ‘ಹಾನುಂಗಲ್ಗೊಂಡ’ ಎಂಬ ಬಿರುದನ್ನು ಧರಿಸಿ, ಬಂಕಾಪುರವನ್ನೇ ತನ್ನ ನೆಲೆವೀಡಾಗಿಸಿಕೊಂಡನು. ದಂಡು ಇಳಿದ ಬೀಡು ಕ್ರಮೇಣ ಆಳ್ವಿಕೆಯ ನೆಲೆವೀಡಾಗುವ ಪರಿ ಇದರಿಂದ ಸ್ಪಷ್ಟವಾಗುತ್ತದೆ.

ಸೈನಿಕ ಬೀಡೊಂದರ ನಿರ್ದಿಷ್ಟ ಸ್ಥಳವನ್ನು ತಿಳಿಸುವ ಅಪರೂಪದ ದಾಖಲೆ ಹಾನಗಲ್ಲಿನ ಒಂದು ವೀರಗಲ್ಲು. ಕಲಚುರಿಗಳ ಆಳ್ವಿಕೆಯ ನಂತರ ನಾಲ್ಕನೆಯ ಸೋಮೇಶ್ವರನು ಚಾಲುಕ್ಯ ಅಧಿಕಾರವನ್ನು ಪುನಃ ಸ್ಥಾಪಿಸಿದನಾದರೂ ಅದು ಬಹುಕಾಲ ನಿಲ್ಲಲಿಲ್ಲ. ಅವನ ಸಾಮ್ರಾಜ್ಯದ ಉತ್ತರಾಧಿಕಾರಕ್ಕಾಗಿ ಸೇವುಣರೂ ಹೊಯ್ಸಳರೂ ಸೆಣಸಿದರು. ಸೋಮೇಶ್ವರನ ಸಾಮಂತನಾಗಿದ್ದ ಕದಂಬ ಕಾಮದೇವನು ಹಾನಗಲ್ಲಿನಲ್ಲಿ ಸ್ವತಂತ್ರ ವೃತ್ತಿಯಿಂದ ನಿಂತನು. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಪಟ್ಟಣವನ್ನು ಮುತ್ತಿದನು. ಕಾಮದೇವನ ದಂಡನಾಯಕ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಆ ದಾಳಿಯನ್ನು ಹಿಮ್ಮೆಟ್ಟಿಸಿದರು. ಆದರೆ ಸೋಹಣಿ ಅದೇ ಕಾಳಗದಲ್ಲಿ ಮಡಿದನು.

ಬೀಡಿಗೆ ಕೆರೆಯ ದಡವನ್ನು ಆಯ್ದುಕೊಂಡುದು ಗಮನಾರ್ಹ. ಆನೆ, ಕುದುರೆ, ಎತ್ತುಗಳನ್ನೊಳಗೊಂಡ ದಂಡಿಗೆ ನೀರು, ಮೇವುಗಳೇ ಮೊದಲ ಅಗತ್ಯ. ಕೆರೆ ಶತ್ರುವಿನ ವಶವಾದರೆ ಅದರ ಕೆಳಗಿನ ಗದ್ದೆಗಳೂ ವಶವಾದಂತೆಯೇ. ಹೀಗಾಗಿ ಕೋಟೆಯೊಳಗಿನ ಯೋಧನಿಗೆ ಎದುರಿನ ಬೀಡು ಕೇವಲ ಅರಸನ ವೈರಿಯ ಪಾಳೆಯವಾಗಿರಲಿಲ್ಲ. ತನ್ನ ಮನೆಯ ಅನ್ನದ ಮೂಲವನ್ನೇ ಆಕ್ರಮಿಸಿದ ಶಕ್ತಿಯಾಗಿತ್ತು. ದೂರದಿಂದ ಬಂದ ಹೊಯ್ಸಳ ಪಡೆಯ ಯೋಧನು ಮನೆಯನ್ನು ಬಿಟ್ಟು ಹೋರಾಡಿದರೆ, ಹಾನಗಲ್ಲಿನ ಯೋಧನು ಮನೆಯ ಬಾಗಿಲಲ್ಲೇ ಹೋರಾಡಬೇಕಾಯಿತು.

ಯೋಧನನ್ನು ಒಡೆಯನಿಗೆ ಬಂಧಿಸಿದ್ದ ಭಾವಕ್ಕೆ ಪ್ರಾಚೀನ ಕನ್ನಡದಲ್ಲಿ ‘ಜೋಳವಾಳಿ’ ಎಂಬ ಹೆಸರಿತ್ತು. ಉಂಡ ಜೋಳದ ಋಣವನ್ನು ಪ್ರಾಣದಿಂದ ತೀರಿಸುವುದೇ ಅದರ ತಿರುಳು. ಆ ಜೋಳವನ್ನು ಉಂಡವನು ಯೋಧನೊಬ್ಬನೇ ಅಲ್ಲ, ಅವನ ಕುಟುಂಬವೂ ಉಂಡಿತ್ತು. ಋಣವು ಮನೆಯದಾದುದರಿಂದ ಅದರ ತೀರಿಕೆಯೂ ಮನೆಯ ಹೊಣೆಯಾಗುತ್ತಿತ್ತು. ತಂದೆಯ ಮರಣವನ್ನು ಸ್ಮರಿಸುವ ಕಲ್ಲಿನಲ್ಲಿ ಮಗನ ಹೆಸರೂ ಸೇರಿರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು.

ಇದಕ್ಕೆ ಪ್ರತಿಯಾಗಿ ಒಡೆಯನು ಅಥವಾ ಊರವರು ಮಡಿದವನ ಕುಟುಂಬಕ್ಕೆ ನೀಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಜೋಳದಿಂದ ಮೊದಲಾದ ಸಂಬಂಧವು ನೆತ್ತರಿನ ಮೂಲಕ ಮತ್ತೆ ಜೋಳ ಬೆಳೆಯುವ ಹೊಲಕ್ಕೇ ಬಂದು ಮುಟ್ಟುತ್ತಿತ್ತು. ಇದು ಗೌರವವೂ ಹೌದು, ಜೀವನಾಧಾರವೂ ಹೌದು. ಆದರೆ ಆ ಹೊಲವನ್ನು ಉಳುವ ಮಗನು ಅದೇ ಜೋಳವಾಳಿಗೆ ಒಳಪಡುತ್ತಿದ್ದನೆಂಬುದನ್ನು ಮರೆಯುವಂತಿಲ್ಲ.

ವೀರಗಲ್ಲಿನ ಶಿಲ್ಪವಿನ್ಯಾಸ ಈ ಕಠೋರತೆಯನ್ನು ಮೃದುಗೊಳಿಸುತ್ತದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಲಿಂಗದ ಸನ್ನಿಧಿ ಇರುತ್ತವೆ. ಇಲ್ಲಿ ಮನೆಗೆ ಸ್ಥಾನವಿಲ್ಲ. ಮನೆಯ ಪಾಲಿನ ದುಃಖ ಕಾಣುವುದು ಮಾಸ್ತಿಕಲ್ಲುಗಳಲ್ಲಿ. ಕಂಬದಿಂದ ಚಾಚಿದ, ಬಳೆ ತೊಟ್ಟ ಕೈಯೊಂದೇ ಅಲ್ಲಿ ಹೆಂಡತಿಯ ಗುರುತು. ಅವಳ ಸಾವನ್ನೂ ತ್ಯಾಗವೆಂದೇ ಆ ಸಮಾಜ ಬಣ್ಣಿಸಿತು. ಆದರೆ ಒಂದು ಯುದ್ಧಕ್ಕೆ ಒಂದೇ ಮನೆ ಎರಡು ಜೀವಗಳನ್ನು ತೆತ್ತ ಸಂಗತಿಯನ್ನು ಆ ಕಲ್ಲು ಮರೆಮಾಚಲಾರದು.

ಹಾನಗಲ್ಲಿನ ಆ ವಿಜಯ ತಾತ್ಕಾಲಿಕವಾಗಿತ್ತು; ಮುಂದೆ ಈ ಭಾಗದಲ್ಲಿ ಹೊಯ್ಸಳರ ಅಧಿಕಾರ ನೆಲೆಗೊಂಡಿತು. ಸೋಹಣಿಯ ಕಲ್ಲು ಮಾತ್ರ ಉಳಿಯಿತು. ರಾಜಶಾಸನಗಳು ಗೆದ್ದವರ ಬಿರುದುಗಳನ್ನು ಕೊಂಡಾಡಿದರೆ, ವೀರಗಲ್ಲುಗಳು ಗೆಲುವಿಗಾಗಲಿ ಸೋಲಿಗಾಗಲಿ ಬೆಲೆ ತೆತ್ತ ಮನೆಗಳನ್ನು ಹೆಸರಿಸುತ್ತವೆ. ಈ ಸೀಮೆಯ ಯುದ್ಧಚರಿತ್ರೆಯನ್ನು ರಾಜವಂಶಗಳ ಏಳುಬೀಳಿನ ಕಥನಕ್ಕಷ್ಟೇ ಸೀಮಿತಗೊಳಿಸದೆ ಕುಟುಂಬಗಳ ಚರಿತ್ರೆಯನ್ನಾಗಿಯೂ ಓದಲು ಅವು ದೃಢವಾದ ಆಧಾರಗಳಾಗಿವೆ.