ಮೌಸ್ ಚಾಲಕ ಹೊಂದಾಣಿಕೆ (ಲಿನಕ್ಸ್)

ಲಿನಕ್ಸ್‌ನಂಥ ಯುನಿಕ್ಸ್ ಮಾದರಿ ವ್ಯವಸ್ಥೆಗಳಲ್ಲಿ ಮೌಸ್‌ನ ಚಲನೆಯನ್ನು ಪರದೆಗೆ ತಲುಪಿಸುವ ತಂತ್ರಾಂಶವನ್ನು ಸಜ್ಜುಗೊಳಿಸುವ ಕೆಲಸ. ಎಕ್ಸ್‌ಫ್ರೀ86 ಎಂಬ ಚಿತ್ರಾತ್ಮಕ ಪರದೆಯ ತಂತ್ರಾಂಶ ಬಳಕೆಯಲ್ಲಿದ್ದ ಕಾಲದಲ್ಲಿ ಸಾಧನದ ಹೆಸರು, ಪ್ರೋಟೊಕಾಲ್ (ಮೌಸ್ ಮಾಹಿತಿ ಕಳಿಸುವ ವಿಧಾನ) ಎರಡನ್ನೂ ಅನೇಕ ವೇಳೆ ಕೈಯಿಂದಲೇ ಬರೆಯಬೇಕಿತ್ತು. ಕರ್ಸರ್ ಮೂಲೆಗೆ ಹಾರಿ, ಮುಟ್ಟದೆಯೇ ಕ್ಲಿಕ್ ಆಗತೊಡಗಿದರೆ ಮೊದಲು ಶಂಕಿಸಬೇಕಿದ್ದದ್ದು ಪ್ರೋಟೊಕಾಲನ್ನು. ಗಾಲಿ ಮೌಸ್‌ಗೆ ‘ಪಿಎಸ್/2’ ಬದಲು ‘ಐಎಂಪಿಎಸ್/2’ ಎಂದು ಬರೆದು, ಗಾಲಿಯನ್ನು 4 ಮತ್ತು 5ನೇ ಗುಂಡಿಗಳಿಗೆ ಜೋಡಿಸುತ್ತಿದ್ದರು. ಕರ್ಸರ್ ಅಲುಗದೇ ಇದ್ದರೆ ಸಾಧನದ ಹೆಸರು ಸರಿಯಿದೆಯೇ, ಅಕ್ಷರ ಪರದೆಯ ಮೌಸ್ ಸೇವೆಯಾದ ಜಿಪಿಎಂ ಅದನ್ನು ಹಿಡಿದಿಟ್ಟಿದೆಯೇ ಎಂದು ನೋಡಬೇಕಿತ್ತು. ದಾಖಲೆ ಕಡತವನ್ನು ಓದದೆ ಊಹೆಯ ಮೇಲೆ ತಿದ್ದುವುದು ವ್ಯರ್ಥ ಶ್ರಮ.

ಇಂದು ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಬಹುತೇಕ ಮೌಸ್‌ಗಳನ್ನು ತಾನೇ ಗುರುತಿಸುತ್ತದೆ.