ಕೂಗಲೊಂದು ಹೆಸರು, ಬರೆಯಲೊಂದು ಹೆಸರು

ತಟ್ಟೆಯ ತುಂಬ ಅಕ್ಕಿ ಹರಡಿರುತ್ತದೆ. ಪುರೋಹಿತರು ಹೇಳಿಕೊಟ್ಟಂತೆ ಅಪ್ಪ ಚಿನ್ನದ ಉಂಗುರ ಹಿಡಿದು ಅದರ ಮೇಲೆ ಒಂದೊಂದೇ ಹೆಸರು ಬರೆಯುತ್ತಾನೆ: ಕುಲದೇವತೆಯದೊಂದು, ಹುಟ್ಟಿದ ಮಾಸದ್ದೊಂದು, ನಕ್ಷತ್ರದ್ದೊಂದು, ಕೊನೆಗೆ ವ್ಯವಹಾರಕ್ಕೊಂದು. ನಾಲ್ಕು ಹೆಸರು ಹೊತ್ತ ಕೂಸನ್ನು ತೊಟ್ಟಿಲಿಗೆ ಹಾಕಿದ್ದೇ ತಡ, ಅಜ್ಜಿ ಬಗ್ಗಿ ಕರೆಯುವುದು ಐದನೆಯದನ್ನು: ‘ಪುಟ್ಟಾ!’

ನಾಮಕರಣದ ತಟ್ಟೆಯಲ್ಲಿ ಜಾಗ ಸಿಗದ ಈ ಐದನೇ ಹೆಸರಿಗೆ ವ್ಯಾಕರಣದಲ್ಲಿ ಹಿಂದಿನಿಂದಲೂ ಜಾಗವಿದೆ. ಪಾಣಿನಿಯ ಅಷ್ಟಾಧ್ಯಾಯಿಯ ಐದನೇ ಅಧ್ಯಾಯದಲ್ಲಿ ಉದ್ದನೆಯ ಹೆಸರುಗಳನ್ನು ಮೊಟಕುಮಾಡುವುದಕ್ಕೆಂದೇ ಸೂತ್ರಗಳಿವೆ. ಎರಡನೇ ಸ್ವರದವರೆಗೆ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿ ಪ್ರತ್ಯಯ ಅಂಟಿಸಿದರೆ ದೇವದತ್ತ ಎಂಬುವನು ದೇವಿಕ, ದೇವಿಯ, ದೇವಿಲ ಆಗುತ್ತಾನೆ. ಯಾವಾಗ ಹೀಗೆ ಮಾಡಬಹುದು? ‘ಅನುಕಂಪೆ’ ಇದ್ದಾಗ, ಎನ್ನುತ್ತದೆ ಸೂತ್ರ. ಪತಂಜಲಿಯ ಮಹಾಭಾಷ್ಯಕ್ಕೆ ಬರುವ ಹೊತ್ತಿಗೆ ಪ್ರತ್ಯಯದ ಹಂಗೂ ಬೇಕಿಲ್ಲ. ದೇವದತ್ತ ಬರೀ ದತ್ತ, ಸತ್ಯಭಾಮೆ ಬರೀ ಭಾಮೆ.

ಎರಡು ಹೆಸರಿನ ಪದ್ಧತಿಯೂ ಅಷ್ಟೇ ಹಳೆಯದು. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಗಂಡುಮಗುವಿನ ಹೆಸರಿನಲ್ಲಿ ಎರಡೋ ನಾಲ್ಕೋ ಅಕ್ಷರ, ಅಂದರೆ ಸಮಸಂಖ್ಯೆ ಇರಬೇಕು, ಹೆಣ್ಣುಮಗುವಿನದರಲ್ಲಿ ಬೆಸಸಂಖ್ಯೆ. ಅದಲ್ಲದೆ ಹಿರಿಯರಿಗೆ ಅಭಿವಾದನ ಮಾಡುವಾಗ ಹೇಳಿಕೊಳ್ಳಲು ಮತ್ತೊಂದು ಹೆಸರು. ಉಪನಯನದವರೆಗೆ ಅದು ಅಪ್ಪ ಅಮ್ಮನ ನಡುವಿನ ಗುಟ್ಟು. ಹಾಗಾಗಿ ದಿನವಿಡೀ ಕೂಗುವುದಕ್ಕೆ ಬೇರೆಯದೇ ಹೆಸರು ಬೇಕೇ ಬೇಕಾಗಿತ್ತು.

ನಕ್ಷತ್ರದ ಹೆಸರಿನದು ಇನ್ನೊಂದು ಪೇಚು. ಒಂದೊಂದು ನಕ್ಷತ್ರದ ಒಂದೊಂದು ಪಾದಕ್ಕೂ ಒಂದಕ್ಷರ ಗೊತ್ತುಮಾಡಿದ್ದಾರೆ. ಅಶ್ವಿನಿಯಾದರೆ ಚು, ಚೆ, ಚೋ, ಲಾ. ಚೆಲುವರಾಜನೋ ಲಾವಣ್ಯಳೋ ಹೇಗೋ ಹೊಂದುತ್ತಾರೆ. ಆರ್ದ್ರೆಯ ನಾಲ್ಕು ಅಕ್ಷರ ಕು, ಘ, ಙ, ಛ. ಮೂರನೇ ಪಾದದಲ್ಲಿ ಹುಟ್ಟಿದ ಮಗುವನ್ನು ‘ಙ’ದಿಂದ ಕರೆಯುವ ತಾಯಿಯನ್ನು ಯಾರೂ ಕಂಡಿಲ್ಲ. ಅಂಥ ಹೆಸರು ಜಾತಕದೊಳಗೇ ಉಳಿಯುತ್ತದೆ.

ಆದರೆ ಕನ್ನಡದ ಮನೆಗಳಲ್ಲಿ ಮುದ್ದಿನ ಹೆಸರು ಬೇರುಬಿಟ್ಟಿದ್ದಕ್ಕೆ ಅಕ್ಷರಕ್ಕಿಂತ ದೊಡ್ಡ ಕಾರಣ ಅಜ್ಜ. ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಸೊಸೆ ಮಾವನ ಹೆಸರೆತ್ತುವ ಹಾಗಿಲ್ಲ ಎಂಬುದೂ ರೂಢಿಯೇ. ಗಂಡನ ಹೆಸರು ಹೇಳುವುದಕ್ಕೂ ಉತ್ತರ ಕರ್ನಾಟಕದಲ್ಲಿ ಒಡಪು ಕಟ್ಟಬೇಕು. ಈ ಎರಡು ರೂಢಿ ಒಂದೇ ತೊಟ್ಟಿಲ ಬಳಿ ಎದುರಾದಾಗ ತಾಯಿಯ ಪಾಡೇನು? ವೆಂಕಟರಮಣಯ್ಯನವರು ಜಗಲಿಯಲ್ಲಿ ಕೂತಿರುವಾಗ ‘ವೆಂಕಟರಮಣಾ, ಮಣ್ಣು ತಿನ್ನಬೇಡ’ ಎಂದು ಮಗನನ್ನು ಗದರುವುದು ಸಾಧ್ಯವೇ? ಹೀಗೆ ಮನೆಮನೆಯಲ್ಲೂ ಒಬ್ಬ ಪುಟ್ಟ, ಒಬ್ಬ ಮರಿ, ಒಬ್ಬ ಅಣ್ಣಯ್ಯ, ಒಬ್ಬಳು ಚಿನ್ನಿ.

ಅಂಥ ಅಡ್ಡಿ ಇಲ್ಲದ ಕಡೆಯೂ ಕನ್ನಡದ ನಾಲಿಗೆ ಸಂಸ್ಕೃತದ ಹೆಸರನ್ನು ಇಡಿಯಾಗಿ ಬಿಟ್ಟಿದ್ದಿಲ್ಲ. ಬೇರೆ ಬೇರೆ ವ್ಯಂಜನಗಳು ಹೆಣೆದುಕೊಂಡ ಒತ್ತಕ್ಷರ ಕಂಡರೆ ಅದನ್ನು ಒಂದೇ ವ್ಯಂಜನದ ಒತ್ತಾಗಿಸುತ್ತದೆ: ಕೃಷ್ಣ ಕಿಟ್ಟಿ, ಲಕ್ಷ್ಮಿ ಲಚ್ಚಿ, ರುಕ್ಮಿಣಿ ರುಕ್ಕು, ಪದ್ಮ ಪದ್ದು, ಸುಬ್ರಹ್ಮಣ್ಯ ಸುಬ್ಬು. ಒತ್ತಿಲ್ಲದಿದ್ದರೆ ನಡುವಿನದನ್ನು ನುಂಗಿ ನಾರಾಯಣನನ್ನು ನಾಣಿ ಮಾಡುತ್ತದೆ. ಇದು ಬರೀ ತೊದಲಲ್ಲ. ರತ್ನ ಎಂಬುದು ರನ್ನ ಆದದ್ದು ಇದೇ ದಾರಿಯಲ್ಲಿ, ಆ ಹೆಸರಿನ ಹತ್ತನೇ ಶತಮಾನದ ಕವಿಯನ್ನು ಯಾರೂ ಅಡ್ಡಹೆಸರಿನವನೆಂದು ಕಾಣುವುದಿಲ್ಲ. ಸಾಹಿತ್ಯದಲ್ಲಿ ತದ್ಭವ ಎನಿಸಿಕೊಂಡದ್ದು ಅಡುಗೆಮನೆಯಲ್ಲಿ ಮುದ್ದು.

ಕರೆಯುವ ಹೆಸರು ಬರೆಯುವ ಹೆಸರಿನ ಪಟ್ಟವನ್ನೇ ಏರಿದ ಕಥೆ ನೋಡಬೇಕಾದರೆ ‘ಪುಟ್ಟ’ನ ಹಿಂದೆ ಹೋದರೆ ಸಾಕು. ಚಿಕ್ಕದು ಎಂಬರ್ಥದ ಈ ಪದಕ್ಕೆ ಅಪ್ಪ, ಅಣ್ಣ, ಅಯ್ಯ, ಸ್ವಾಮಿ, ರಾಜ ಯಾವುದನ್ನು ಸೇರಿಸಿದರೂ ಗೌರವದ ಹೆಸರೊಂದು ಸಿದ್ಧ. 1904ರಲ್ಲಿ ಮಲೆನಾಡಿನಲ್ಲಿ ಹುಟ್ಟಿದ ಕೂಸು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಲ್ಲೇ ಕುಲಪತಿಯ ಕುರ್ಚಿಯವರೆಗೆ ಹೋಯಿತು. ಗದಗಿನ ಪುಟ್ಟರಾಜ ಗವಾಯಿಗಳು, ಕಾದಂಬರಿಕಾರ ಬಿ. ಪುಟ್ಟಸ್ವಾಮಯ್ಯ ಅದೇ ಸಾಲಿನವರು. ಕಣಗಾಲಿನಲ್ಲಿ 1933ರಲ್ಲಿ ಹುಟ್ಟಿದ ಸೀತಾರಾಮ ಶರ್ಮನ ಮಟ್ಟಿಗಂತೂ ಕರೆಯುವ ಹೆಸರೇ ಗೆದ್ದಿತು. ‘ಗೆಜ್ಜೆಪೂಜೆ’, ‘ನಾಗರಹಾವು’ ಚಿತ್ರಗಳ ನಿರ್ದೇಶಕ ಎಲ್ಲರಿಗೂ ಪುಟ್ಟಣ್ಣ. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ಕಾನೂನು ಓದುವವರು ಕರೆಯುವುದು ‘ಪುಟ್ಟಸ್ವಾಮಿ ತೀರ್ಪು’ ಎಂದೇ. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅದೇ ಪುಟ್ಟಪ್ಪನವರು ಮಕ್ಕಳಿಗೆ ಇಟ್ಟ ಹೆಸರುಗಳು ಬೇರೆ ಲೋಕದವು: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಮನೆದೇವರು, ತಾತ ಇಬ್ಬರನ್ನೂ ಬದಿಗಿಟ್ಟು ಕಿವಿಗಿಂಪಾದ ಹೆಸರು ಹುಡುಕುವ ಕಾಲ ಅಲ್ಲಾಗಲೇ ಬಂದಿತ್ತು. ಓದುಗರು ಅಷ್ಟುದ್ದದ ಹೆಸರಿನಿಂದ ಒಂದು ತುಂಡು ಎತ್ತಿಕೊಂಡು ತೇಜಸ್ವಿ ಎಂದರು.

ಶಿಷ್ಟ ಹೆಸರು ಬದಲಾದರೂ ಮುದ್ದಿನ ಹೆಸರು ಅಲುಗದೆ ನಿಂತದ್ದಕ್ಕೆ ಕನ್ನಡಿಗರ ಕಣ್ಣೆದುರಿನ ಉದಾಹರಣೆ ಗಾಜನೂರಿನ ಮನೆತನದ್ದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಸಿನಿಮಾಕ್ಕೆ ಬಂದು ರಾಜಕುಮಾರ್ ಆದರು. ಅವರ ಕಿರಿಯ ಮಗ, 1975ರಲ್ಲಿ ಹುಟ್ಟಿದವರು, ಬಾಲನಟನಾಗಿ ತೆರೆಗೆ ಬಂದದ್ದು ಮಾಸ್ಟರ್ ಲೋಹಿತ್ ಎಂದು, ಮುಂದೆ ಪುನೀತ್. ಮನೆಯವರಿಗೆ ಮಾತ್ರ ಆಗಲೂ ಅಪ್ಪು, ಈಗಲೂ ಅಪ್ಪು. 2002ರಲ್ಲಿ ಅವರು ನಾಯಕನಾದ ಮೊದಲ ಚಿತ್ರಕ್ಕೆ ಆ ಹೆಸರನ್ನೇ ಇಟ್ಟರು. ಪಡಸಾಲೆಯ ಕೂಗು ಪೋಸ್ಟರಿಗೆ ಬಂದು ಊರಿನ ಕೂಗಾಯಿತು.

ಈಗಿನ ತಂದೆತಾಯಿ ಈ ಕ್ರಮವನ್ನೇ ತಿರುಗಿಸಿದ್ದಾರೆ. ಮಗು ಹೊಟ್ಟೆಯಲ್ಲಿರುವಾಗಲೇ ಚಿನ್ನು ಎಂದೋ ಅಮ್ಮು ಎಂದೋ ಬಾಯಿಗೆ ಬಂದಿರುತ್ತದೆ. ಆಮೇಲೆ ಅದಕ್ಕೊಪ್ಪುವ ದೊಡ್ಡ ಹೆಸರಿನ ಬೇಟೆ: ಚಿನ್ನುವಿಗೆ ಚಿನ್ಮಯಿ, ಅಮ್ಮುವಿಗೆ ಅಮೃತಾ, ಮನುವಿಗೆ ಮನಸ್ವಿ. ಪಾಣಿನಿ ದೇವದತ್ತನಿಂದ ದೇವಿಲನಿಗೆ ಇಳಿದರೆ, ಇವರು ದೇವಿಲನಿಂದ ದೇವದತ್ತನಿಗೆ ಹತ್ತುತ್ತಾರೆ.

ಕಾನೂನೂ ಇದಕ್ಕೆ ಅಷ್ಟಿಷ್ಟು ಸಮಯ ಕೊಡುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಹುಟ್ಟನ್ನು 21 ದಿನದೊಳಗೆ ತಿಳಿಸಬೇಕು, ಹೆಸರಿನ ಅಂಕಣ ಖಾಲಿ ಇದ್ದರೂ ಸರಿ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ತಡವಾದದ್ದಕ್ಕೆ ಶುಲ್ಕ ಕಟ್ಟಿ ಸೇರಿಸಬಹುದು. ಮೊದಲಾದರೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದೇ ಹೆಸರು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಹುಟ್ಟಿನ ದಾಖಲೆಯಾದ್ದರಿಂದ ಆ ಅಂಕಣ ತುಂಬುವ ಕೈ ಸ್ವಲ್ಪ ತಡೆಯುತ್ತದೆ.

ಅಷ್ಟರಲ್ಲಿ ಮಗು ಅಂಬೆಗಾಲಿಡುತ್ತ ಚಿನ್ನು ಎಂದರೆ ತಿರುಗಿ ನೋಡಲು ಕಲಿತಿರುತ್ತದೆ. ಚಿನ್ನುವಾದರೆ ಚಿಂತೆಯಿಲ್ಲ. ತೊಟ್ಟಿಲಲ್ಲಿ ‘ಗುಂಡ’ ಎಂದು ಕರೆಸಿಕೊಂಡವನಿಗೆ ಹೊಂದುವ ಸಂಸ್ಕೃತದ ಹೆಸರು ಹುಡುಕಿ ಸುಸ್ತಾದವರುಂಟು. ಹಳಬರಾಗಿದ್ದರೆ ಕೊನೆಗೊಂದು ‘ಅಪ್ಪ’ ಸೇರಿಸಿ, ಗುಂಡಪ್ಪ ಎಂದು ಬರೆಸಿ, ಊಟಕ್ಕೆ ಎಲೆ ಹಾಕಿಸುತ್ತಿದ್ದರು.