ಅಕ್ಷರಕ್ಕೊಂದು ಕಟ್ಟಳೆ

‘ಸೂರ್ಯ’ ಎಂದು ಬರೆಯುವಾಗ ರಕಾರವು ಯಕಾರದ ನಂತರ ಅರ್ಕಾವೊತ್ತಾಗಿ ಕೂರುತ್ತದೆ. ‘ರ‍್ಯಾಂಕ್’ ಎಂದು ಬರೆದರೆ ಅದೇ ರಕಾರ ಮುಂದೆ ನಿಂತು, ಯಕಾರವೇ ಒತ್ತಾಗುತ್ತದೆ. ಓದು ಬರಹ ಬಲ್ಲವರಿಗೆ ಇದು ರೂಢಿಯ ಮಾತು. ಆದರೆ ಕನ್ನಡವನ್ನೇ ಅರಿಯದೆ ಕನ್ನಡಕ್ಕೆ ತಂತ್ರಾಂಶ ಬರೆಯುವವನಿಗೆ ಇದನ್ನು ಯಾರಾದರೂ ಬರೆದು ತಿಳಿಸಲೇಬೇಕು.

1990ರ ದಶಕದಲ್ಲಿ ಅಂಥ ಸರ್ವಸಮ್ಮತ ಕಟ್ಟಳೆ ಬಳಕೆಯಲ್ಲಿರಲಿಲ್ಲ. ಒಂದೊಂದು ಕಂಪೆನಿ ಅಕ್ಷರದ ತುಂಡುಗಳಿಗೆ ತನಗೆ ತೋಚಿದ ಸಂಖ್ಯೆ ಕೊಟ್ಟಿತ್ತು. ಒಂದು ತಂತ್ರಾಂಶದಲ್ಲಿ ಬೆರಳಚ್ಚಿಸಿದ ಪತ್ರವನ್ನು ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಗುರುತುಗಳ ಗೋಜಲು. ಕೀಲಿಮಣೆಗಳೂ ಬೇರೆ ಬೇರೆ. ಒಂದನ್ನು ಕಲಿತ ಬೆರಳಚ್ಚುಗಾರ ಅದಕ್ಕೇ ಅಂಟಿಕೊಳ್ಳಬೇಕಾಗಿತ್ತು.

ಈ ಗೋಜಲನ್ನು ಬಿಡಿಸಿದವರಲ್ಲಿ ಕೆ.ಪಿ. ರಾವ್ ಪ್ರಮುಖರು. ಅವರ ಕೀಲಿಮಣೆಯ ತರ್ಕ ಸರಳ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಸಹಿತ ಅದೇ ಕೀಲಿ, ಒತ್ತಕ್ಷರಕ್ಕೆ ನಡುವೆ ಒಂದು ಜೋಡಣೆಯ ಕೀಲಿ. ಕ, ನ, ಜೋಡಣೆ, ನ, ಡ ಎಂದು ಒತ್ತಿದರೆ ‘ಕನ್ನಡ’. ರಾಜ್ಯ ಸರ್ಕಾರ ಈ ವಿನ್ಯಾಸವನ್ನು ಶಿಷ್ಟತೆಯಾಗಿ ಒಪ್ಪಿತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶ ಅದನ್ನು ಕಚೇರಿ ಕಚೇರಿಗೆ ಮುಟ್ಟಿಸಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ ಮನೆಮನೆಯ ಗಣಕಕ್ಕೆ ಕನ್ನಡ ತಂದಿತು.

ಆದರೂ ಒಂದು ಕೊರತೆ ಉಳಿಯಿತು. ಆ ಸಂಕೇತಗಳು ಎಣಿಸಿದ್ದು ಅಕ್ಷರವನ್ನಲ್ಲ, ಅದರ ಆಕಾರದ ತುಂಡುಗಳನ್ನು. ಹೀಗಾಗಿ ಪದ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ತೊಡಕಾಗಿತ್ತು. 1991ರಲ್ಲೇ ಹೊರಬಂದ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟು, ಆಕಾರದ ಬದಲು ಅಕ್ಷರಕ್ಕೇ ಸಂಖ್ಯೆ ಕೊಟ್ಟಿತು. ‘ಸೂರ್ಯ’ಕ್ಕೂ ‘ರ‍್ಯಾಂಕ್’ಗೂ ಇರುವ ಭೇದವನ್ನು ಅಲ್ಲಿ ತೋರಿಸುವುದು ರಕಾರದ ಬೆನ್ನಿಗೆ ಬರುವ, ಕಣ್ಣಿಗೆ ಕಾಣದ ಒಂದು ಸಂಕೇತ. ಅದನ್ನು ವಿವರಿಸುವ ಪುಟವನ್ನು ಓದದವನ ತಂತ್ರಾಂಶದಲ್ಲಿ ಒಂದು ಪದವಾದರೂ ತಪ್ಪಾಗಿಯೇ ಮೂಡುತ್ತದೆ.

ಅಂಥ ಪುಟ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿ ಹಳೆಯ ಮಾದರಿಯೇ ಇದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೊದಲು ಸೂತ್ರ, ಅನಂತರ ಅದನ್ನು ಬಿಡಿಸುವ ವೃತ್ತಿ, ಕೊನೆಗೆ ಪ್ರಯೋಗ ಕೊಟ್ಟ. ಸೂತ್ರವೊಂದನ್ನೇ ಕೊಟ್ಟರೆ ಅದು ಆಜ್ಞೆ. ಪ್ರಯೋಗವೊಂದನ್ನೇ ಕೊಟ್ಟರೆ ನಕಲಿಗೆ ದಾರಿ. ಇಂದು ತಂತ್ರಾಂಶ ಕಂಪೆನಿಗಳು ಪರದೆಯ ಗುಂಡಿ, ಬಣ್ಣ, ಅಕ್ಷರದ ಅಳತೆಗಳಿಗೆ ಬರೆದಿಡುವ ವಿನ್ಯಾಸದ ಕೈಪಿಡಿಗೂ ಈ ಮೂರೂ ಬೇಕು: ನಿಯಮವೇನು, ಅದು ಯಾಕೆ, ಬಳಸುವುದು ಹೇಗೆ. ಬರೆದವರು ಪಕ್ಕದಲ್ಲಿಲ್ಲದಾಗ ಓದುವವನ ಕೈಗೆ ಉಳಿಯುವುದು ಆ ಪುಟವಷ್ಟೇ.